ಮೊದಲು ಬಂದೂಕು ಇಳಿಸೋದು ಯಾರು?

ಪ್ರಶ್ನೆ: ಸರ್, ಇಥಿಯೋಪಿಯಾದಲ್ಲಿ ಒಂದೊಂದು ಜನಾಂಗಕ್ಕೂ ಒಂದೊಂದು ಸಶಸ್ತ್ರ ಪಡೆ ಇದೆಯಂತೆ. ದೇಶ ಒಂದಾಗಿರಬೇಕು ಅಂದ್ರೆ ಸರ್ಕಾರ ಎಲ್ಲರ ಬಂದೂಕನ್ನೂ ಕಿತ್ತುಕೊಂಡರೆ ಮುಗೀತಲ್ವಾ?

ಉತ್ತರ: ಅದನ್ನೂ ಮಾಡಿ ನೋಡಿದರು. 2023ರ ಏಪ್ರಿಲ್‌ನಲ್ಲಿ ಪ್ರಧಾನಿ ಅಬಿಯ್ ಅಹ್ಮದ್ ಅವರ ಸರ್ಕಾರ ಎಲ್ಲ ಪ್ರಾಂತ್ಯಗಳ ‘ವಿಶೇಷ ಪಡೆ’ಗಳನ್ನೂ ಮುಚ್ಚುತ್ತೇವೆ, ಅಲ್ಲಿದ್ದವರು ದೇಶದ ಸೈನ್ಯಕ್ಕೋ ಪೊಲೀಸಿಗೋ ಸೇರಿಕೊಳ್ಳಲಿ ಎಂದಿತು. ಅಮ್ಹಾರಾ ಪ್ರಾಂತ್ಯದಲ್ಲಿ ಜನ ಬೀದಿಗಿಳಿದರು. ಪಡೆಯಲ್ಲಿದ್ದ ಎಷ್ಟೋ ಮಂದಿ ಬಂದೂಕು ಸಮೇತ ಹೋಗಿ ಫಾನೊ ಎಂಬ ಅಮ್ಹಾರಾ ಹೋರಾಟಗಾರರ ಜೊತೆ ಸೇರಿದರು, ಆಗಸ್ಟ್ ಹೊತ್ತಿಗೆ ಅಲ್ಲಿ ತುರ್ತು ಪರಿಸ್ಥಿತಿ, ಬಂಡೆ ಕೊರೆದು ಮಾಡಿದ ಚರ್ಚುಗಳಿಗೆ ಹೆಸರಾದ ಲಾಲಿಬೆಲಾ ಊರೇ ಕೆಲವು ದಿನ ಫಾನೊ ಕೈಯಲ್ಲಿತ್ತು.

ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನಬಹುದು. ಆದರೆ ಗಿಣಿ ಅಂತ ಇದನ್ನು ಯಾರೂ ಸಾಕಿರಲಿಲ್ಲ. 1995ರ ಸಂವಿಧಾನ ಪ್ರಾಂತ್ಯಗಳಿಗೆ ಕೊಟ್ಟಿದ್ದು ಪೊಲೀಸ್ ಪಡೆ ಮಾತ್ರ. ಸೊಮಾಲಿ ಪ್ರಾಂತ್ಯದಲ್ಲಿ ಒಗಾಡೆನ್ ಬಂಡುಕೋರರನ್ನು ಬಗ್ಗುಬಡಿಯಲು ಪೊಲೀಸ್ ಹೆಸರಿನಲ್ಲೇ ವಿಶೇಷ ಪಡೆ ಕಟ್ಟಿದರು, ಆಮೇಲೆ ಉಳಿದ ಪ್ರಾಂತ್ಯಗಳೂ ಕಟ್ಟಿಕೊಂಡವು. 2020ರ ನವೆಂಬರ್‌ನಲ್ಲಿ ಉತ್ತರದ ಟಿಗ್ರೇ ಪ್ರಾಂತ್ಯವನ್ನು ಆಳುತ್ತಿದ್ದ ಪಕ್ಷಕ್ಕೂ ಕೇಂದ್ರ ಸರ್ಕಾರಕ್ಕೂ ಯುದ್ಧ ಶುರುವಾದಾಗ ಅಮ್ಹಾರಾ ಪಡೆಯವರೂ ಫಾನೊಗಳೂ ಕೇಂದ್ರ ಸೈನ್ಯದ ಜೊತೆ ನಿಂತೇ ಕಾದಾಡಿದರು. ಆಗ ಇವರು ದೇಶಭಕ್ತರು! ಎರಡು ವರ್ಷ ಆದ ಮೇಲೆ, 2022ರ ನವೆಂಬರ್ 2ರಂದು, ಪ್ರಿಟೋರಿಯಾದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಸಹಿ ಹಾಕಿದ್ದು ಕೇಂದ್ರ ಸರ್ಕಾರ ಮತ್ತು ಟಿಗ್ರೇಯ ಆ ಪಕ್ಷ, ಅಂದರೆ ಟಿಗ್ರೇ ಜನತಾ ವಿಮೋಚನಾ ರಂಗ. ಅಮ್ಹಾರಾದವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಅವರು ಹಿಡಿದಿಟ್ಟುಕೊಂಡಿದ್ದ, ಅಮ್ಹಾರಾದವರೂ ಟಿಗ್ರೇಯವರೂ ನಮ್ಮದು ಅನ್ನುವ ವೊಲ್ಕೈಟ್ ಸೀಮೆಯ ಜಗಳವೂ ಬಗೆಹರಿಯಲಿಲ್ಲ. ಐದು ತಿಂಗಳಿಗೆ ‘ಬಂದೂಕು ಕೊಡಿ’ ಎಂದರೆ ಯಾರು ಕೊಡ್ತಾರೆ ಹೇಳಿ?

ಹಾಗಂತ ಫಾನೊಗಳನ್ನು ನಾನು ವಹಿಸಿಕೊಂಡು ಬರುತ್ತಿಲ್ಲ. ಅವರ ಮೇಲೂ ಘೋರ ಆರೋಪಗಳಿವೆ. ಹೇಳೋದಿಷ್ಟೇ, ಪಕ್ಕದವನ ಕೈಲಿ ಬಂದೂಕು ಇರೋ ತನಕ ನಮ್ಮದನ್ನು ಇಳಿಸೋಕೆ ಯಾರಿಗೂ ಧೈರ್ಯ ಬರಲ್ಲ.

ಪ್ರಶ್ನೆ: ಜನಾಂಗದ ಲೆಕ್ಕದಲ್ಲಿ ರಾಜ್ಯ ಮಾಡಿದ್ದೇ ತಪ್ಪಲ್ವಾ? ಗಟ್ಟಿ ಕೇಂದ್ರ ಸರ್ಕಾರ ಇದ್ದಿದ್ದರೆ ಹೀಗಾಗ್ತಿತ್ತಾ?

ಉತ್ತರ: ಅರ್ಧ ಒಪ್ಪುತ್ತೇನೆ. 80ಕ್ಕೂ ಹೆಚ್ಚು ಜನಾಂಗಗಳಿರುವ ದೇಶವದು, ಜನ ಗೆರೆ ಎಳೆದಂತೆ ಬೇರೆ ಬೇರೆಯಾಗಿ ಕೂತಿಲ್ಲ. ಅಲ್ಲಿ ಕೆಬೆಲೆ, ಅಂದರೆ ವಾರ್ಡು, ಕೊಡುತ್ತಿದ್ದ ಗುರುತಿನ ಚೀಟಿಯಲ್ಲಿ ಹೆಸರು, ವಯಸ್ಸಿನ ಜೊತೆ ಜನಾಂಗ ಅಂತಲೂ ಒಂದು ಸಾಲು ಇರುತ್ತಿತ್ತು. ನೆಮ್ಮದಿಯ ದಿನಗಳಲ್ಲಿ ಅದನ್ನು ಯಾರು ಓದ್ತಾರೆ? ದಾರಿಗೆ ಅಡ್ಡ ನಿಂತ ಬಂದೂಕುಧಾರಿ ಚೀಟಿ ಕೇಳಿದ ದಿನ ಅವನ ಕಣ್ಣು ಮೊದಲು ಹೋಗೋದೇ ಆ ಸಾಲಿಗೆ.

ಆದರೆ ಗಟ್ಟಿ ಕೇಂದ್ರ ಸರ್ಕಾರವೂ ಅಲ್ಲಿತ್ತಲ್ಲ! 1991ರಲ್ಲಿ ಬಿದ್ದುಹೋದ ಮಿಲಿಟರಿ ಸರ್ವಾಧಿಕಾರಿ ಮೆಂಗಿಸ್ತು ಅವರ ಸರ್ಕಾರಕ್ಕಿಂತ ಬಿಗಿ ಕೇಂದ್ರ ಬೇಕಾ? ಅದನ್ನು ಕೆಡವಿದವರೇ ಜನಾಂಗದ ಹೆಸರಿನ ಬಂಡುಕೋರರು. 30 ವರ್ಷ ಹೊಡೆದಾಡಿದ ಎರಿಟ್ರಿಯಾ 1993ರಲ್ಲಿ ಬೇರೆ ದೇಶವೇ ಆಯಿತು.

ನನಗೆ ಸರಿ ಕಂಡಿದ್ದು ಪ್ರಿಟೋರಿಯಾ ಆದ ಹತ್ತೇ ದಿನಕ್ಕೆ ನೈರೋಬಿಯಲ್ಲಿ ಬರೆದುಕೊಂಡ ಒಂದು ಮಾತು. ಟಿಗ್ರೇಯವರು ದೊಡ್ಡ ಆಯುಧ ಒಪ್ಪಿಸೋದು, ಅಮ್ಹಾರಾದಂಥ ಹೊರಗಿನ ಪಡೆಗಳು ಟಿಗ್ರೇ ಬಿಡೋದು, ಎರಡೂ ಒಟ್ಟೊಟ್ಟಿಗೆ. 2023ರ ಜನವರಿಯಲ್ಲಿ ಆಫ್ರಿಕನ್ ಒಕ್ಕೂಟದವರ ಕಣ್ಣೆದುರೇ ಟಿಗ್ರೇ ಫಿರಂಗಿಗಳನ್ನು ಒಪ್ಪಿಸಿತು. ಆದರೆ ವೊಲ್ಕೈಟ್ ಇರುವ ಪಶ್ಚಿಮ ಟಿಗ್ರೇಯಿಂದ ಅಮ್ಹಾರಾ ಪಡೆ ಕದಲಲಿಲ್ಲ. ಸಣ್ಣ ಬಂದೂಕುಗಳನ್ನು ಟಿಗ್ರೇಯವರೂ ಕೈಬಿಡಲಿಲ್ಲ.