ದಿನಾ ರಾತ್ರಿ ಒಂದು ಸಲ ಗಡಿಯಾರ ಸರಿಮಾಡಿದರೆ ಸಾಕಾ?

ನಿಮ್ಮ ಲಿನಕ್ಸ್ ಕಂಪ್ಯೂಟರಿನ ಗಡಿಯಾರ ದಿನಕ್ಕೆ ಎಂಟು ಸೆಕೆಂಡ್ ಮುಂದೆ ಓಡುತ್ತೆ, ರಾತ್ರಿ ಮೂರಕ್ಕೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಎನ್‌ಟಿಪಿಡೇಟ್ (ನೆಟ್‌ವರ್ಕಿನಿಂದ ಸಮಯ ಕೇಳಿ ಗಡಿಯಾರವನ್ನು ಒಮ್ಮೆ ಸರಿಮಾಡುವ ಕಮಾಂಡ್) ಹಾಕಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಬೇಡ. ನಾನೂ ತುಂಬಾ ದಿನ ಹಾಗೇ ಮಾಡಿದ್ದೆ. ಒಮ್ಮೆ ಇನ್ನೇನೋ ದೋಷ ಹುಡುಕುತ್ತಾ ಲಾಗ್ ತೆಗೆದು ನೋಡಿದರೆ, ಕೋರಿಕೆ ಬಂದದ್ದು 3:00:04ಕ್ಕೆ, ಅದಕ್ಕೆ ಉತ್ತರ ಹೋದದ್ದು 2:59:57ಕ್ಕೆ! ಕೇಳುವ ಮೊದಲೇ ಉತ್ತರ ಕೊಟ್ಟ ಸರ್ವರ್. ಅರ್ಧ ದಿನ ಕೋಡ್ ಕೆದಕಿದ ಮೇಲೆ ಗೊತ್ತಾಯಿತು, ಮಧ್ಯದಲ್ಲಿ ನನ್ನ ಕ್ರಾನ್ ಗಡಿಯಾರವನ್ನು ಎಂಟು ಸೆಕೆಂಡ್ ಹಿಂದಕ್ಕೆ ಎಳೆದಿತ್ತು ಅಂತ.

ದಿನಕ್ಕೆ ಎಂಟು ಸೆಕೆಂಡ್ ಅಂದರೆ ಹತ್ತು ಲಕ್ಷ ಸೆಕೆಂಡಿಗೆ ಸುಮಾರು 93 ಸೆಕೆಂಡ್ ತಪ್ಪು. ಬೋರ್ಡಿನ ಮೇಲೆ ಗಡಿಯಾರಕ್ಕೆ ತಾಳ ಹಾಕುವ ಹರಳು ಸ್ವಲ್ಪ ಬೇಗ ಮಿಡಿಯುತ್ತಿದೆ, ಅಷ್ಟೆ. ಬಿಸಿ ಏರಿದಾಗ ಇಳಿದಾಗ ಸ್ವಲ್ಪ ಬದಲಾದರೂ ಹೆಚ್ಚುಕಮ್ಮಿ ಅದೇ ವೇಗದಲ್ಲಿ ತಪ್ಪುತ್ತದೆ. ಹಾಗಾಗಿ ಸರಿಮಾಡಬೇಕಾದ್ದು ಗಂಟೆಯನ್ನಲ್ಲ, ವೇಗವನ್ನು. ಸದಾ ಓಡುತ್ತಾ ಗಡಿಯಾರ ನೋಡಿಕೊಳ್ಳುವ ಕ್ರೋನಿ ಅನ್ನುವ ಸಾಫ್ಟ್‌ವೇರ್ ಮಾಡುವುದು ಇದನ್ನೇ. ಶುರುವಿನಲ್ಲಿ ತಪ್ಪು ಜಾಸ್ತಿ ಇದ್ದರೆ ಒಂದೇ ಸಲ ಜಿಗಿಸುತ್ತದೆ, ಆಮೇಲೆ ಗಡಿಯಾರವನ್ನು ಒಂಚೂರು ನಿಧಾನ ಇಲ್ಲವೇ ಬೇಗ ಓಡಿಸುತ್ತಾ ಇರುತ್ತದೆ. ಎಷ್ಟು ತಪ್ಪುತ್ತದೆ ಅನ್ನುವ ಲೆಕ್ಕವನ್ನು ಒಂದು ಫೈಲಿನಲ್ಲಿ ಬರೆದಿಡುವುದರಿಂದ ರೀಬೂಟ್ ಆದರೂ ಮೊದಲಿಂದ ಕಲಿಯಬೇಕಿಲ್ಲ.

ನೆಟ್‌ವರ್ಕಿನಲ್ಲೇ ತಡವಾಗುತ್ತಲ್ಲ, ಹೇಗೆ ನಂಬುವುದು ಅಂತಲೂ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿ (ನೆಟ್‌ವರ್ಕಿನಲ್ಲಿ ಸಮಯ ಹೊಂದಿಸುವ ನಿಯಮಾವಳಿ, ಕ್ರೋನಿ ಬಳಸುವುದೂ ಇದನ್ನೇ) ಬರೆದಾಗಿಂದ ಉಪಾಯ ಒಂದೇ: ನೀವು ಕೋರಿಕೆ ಕಳಿಸಿದ ಹೊತ್ತು, ಸಮಯ ಹೇಳುವ ಸರ್ವರಿಗೆ ಅದು ತಲುಪಿದ ಹೊತ್ತು, ಸರ್ವರ್ ಉತ್ತರ ಕಳಿಸಿದ ಹೊತ್ತು, ನಿಮಗೆ ಮುಟ್ಟಿದ ಹೊತ್ತು, ಈ ನಾಲ್ಕನ್ನೂ ಹಿಡಿದು ಹೋಗಿಬರುವ ತಡವನ್ನು ಲೆಕ್ಕದಿಂದ ಕಳೆಯುವುದು. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯುತ್ತದೆ ಅಂತ ಅದರ ನಂಬಿಕೆ. ಹೋಗಲು 10 ಮಿಲಿಸೆಕೆಂಡ್, ಬರಲು 30 ಆದರೆ ನಿಮ್ಮ ಗಡಿಯಾರ 10 ಮಿಲಿಸೆಕೆಂಡ್ ತಪ್ಪಿಯೇ ಇರುತ್ತದೆ, ಯಾವ ಸಾಫ್ಟ್‌ವೇರ್ ಹಾಕಿದರೂ. ನಿಮ್ಮ ಕೆಲಸಕ್ಕೆ ಅಷ್ಟು ಏನೂ ಅಲ್ಲ ಬಿಡಿ.

ಕ್ರೋನಿಗೆ ಸಮಯ ಕೇಳಲು ಬರೀ ಎರಡು ಸರ್ವರ್ ಕೊಡಬೇಡಿ. ಒಂದು ಒಂದು ಹೇಳಿ ಇನ್ನೊಂದು ಇನ್ನೊಂದು ಹೇಳಿದರೆ ಯಾವುದು ಸುಳ್ಳು ಅಂತ ತಿಳಿಯುವುದಿಲ್ಲ. ಮೂರಿದ್ದರೆ ಬಹುಮತ ಸಿಗುತ್ತದೆ, ನಾಲ್ಕಿದ್ದರೆ ಒಂದು ಕೈಕೊಟ್ಟರೂ ನಡೆಯುತ್ತದೆ. ಸಮಯದ ಸರ್ವರ್‌ಗಳ ಸಾರ್ವಜನಿಕ ಗುಂಪಾದ pool.ntp.org (ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್) ಅಂತ ಕೊಟ್ಟರೆ ಸುಮ್ನೆ ಅದೇ ನಾಲ್ಕು ಹುಡುಕಿಕೊಡುತ್ತದೆ. ಹಳೆಯ ಕ್ರಾನ್ ಸಾಲನ್ನು ಮರೆಯದೆ ಅಳಿಸಿ, ಇಲ್ಲದಿದ್ದರೆ ಎರಡೂ ಸೇರಿ ಗಡಿಯಾರವನ್ನು ಅತ್ತಿತ್ತ ಎಳೆಯುತ್ತವೆ.

ಕ್ರೋನಿ ಹಾಕಿ ಒಂದರ್ಧ ಗಂಟೆ ಬಿಟ್ಟು 'ಕ್ರೋನಿಸಿ ಸೋರ್ಸಸ್' (chronyc sources) ಅನ್ನುವ ಕಮಾಂಡ್ ಓಡಿಸಿ ನೋಡಿ, ಸರ್ವರ್‌ಗಳ ಪಟ್ಟಿ ಬರುತ್ತದೆ. ಒಂದು ಸಾಲಿನ ಮುಂದೆ ನಕ್ಷತ್ರ ಇರಬೇಕು, ಕ್ರೋನಿ ಆರಿಸಿಕೊಂಡ ಸರ್ವರ್ ಅದು. 'ರೀಚ್' ಕೆಳಗೆ 377 ಇದ್ದರೆ ಗಾಬರಿ ಬೇಡ, ಅದು ಆಕ್ಟಲ್ (ಎಂಟರ ಆಧಾರದ) ಲೆಕ್ಕ, ಕೊನೆಯ ಎಂಟು ಸಲವೂ ಉತ್ತರ ಬಂದಿದೆ ಅಂತ ಅರ್ಥ. ಎಲ್ಲದಕ್ಕೂ ಸೊನ್ನೆಯೇ ಇದ್ದರೆ ಫೈರ್‌ವಾಲ್ ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟನ್ನು ತಡೆದಿದೆಯಾ ಅಂತ ಮೊದಲು ನೋಡಿ.