ಮೈ ದಂಡಿಸಿದರೆ ಮಕ್ಕಳ ಗುಣವೂ ಬೆಳೆಯುತ್ತದಾ?

ಬರೀ ಮೈಕಟ್ಟಿಗೆ ಅಂತ ದಂಡಿಸಿದರೆ ಬೆಳೆಯುವುದಿಲ್ಲ. ಕನ್ನಡಿ ಮುಂದೆ ನಿಲ್ಲುವ ಚಟ ಬೆಳೆಯುತ್ತದೆ, ಅಷ್ಟೇ.

ನಮ್ಮ ಮೈಸೂರಿನ ಗರಡಿ ಮನೆ ನೋಡಿದ್ದೀರಾ? ಹಳೆಯ ಗರಡಿಗಳ ಬಾಗಿಲು ಗಿಡ್ಡ, ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ, ಅದೇ ಮಟ್ಟಿ. ಕುಸ್ತಿಗೆ ಮೊದಲು ಅದನ್ನು ಅಗೆದು ಹದ ಮಾಡಬೇಕು, ಅದಕ್ಕೆ ಆಳು ಬರುವುದಿಲ್ಲ, ಕಲಿಯುವ ಹುಡುಗರೇ ಗುದ್ದಲಿ ಹಿಡಿಯುತ್ತಾರೆ, ಮಣ್ಣು ಗಟ್ಟಿ ಉಳಿದರೆ ಬೀಳುವವನ ಬೆನ್ನಿಗೆ ಪೆಟ್ಟು. ಅಂದರೆ ಎದುರಾಳಿಯ ಬೆನ್ನು ಉಳಿಸುವುದೇ ಮೊದಲ ಪಾಠ, ಅಲ್ವಾ?

ಗರಡಿ ಬೇಡವಾದರೆ ಚಾಮುಂಡಿ ಬೆಟ್ಟ ಇದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಮಾಡಿಸಿದ ಮೆಟ್ಟಿಲು, ಸಾವಿರದ ಮೇಲಿವೆ. ಮುನ್ನೂರು ಹತ್ತುವಷ್ಟರಲ್ಲಿ ನನ್ನ ಮಗಳು ಇನ್ನಾಗಲ್ಲ ಅಂತ ಕೂತುಬಿಟ್ಟಳು. ನಾನು ಬೈಯಲಿಲ್ಲ (ಬೈಯಲು ನನಗೂ ಉಸಿರಿರಲಿಲ್ಲ ಬಿಡಿ). ಪಕ್ಕದಲ್ಲಿ ಒಬ್ಬರು ಅಜ್ಜಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. "ಅಜ್ಜಿಯ ಚೀಲ ಹಿಡ್ಕೋ ಹೋಗು" ಅಂತ ಮಗಳಿಗೆ ಅಂದೆ. ನಂದಿ ಬರುವವರೆಗೂ ಕಾಲುನೋವಿನ ಸುದ್ದಿಯೇ ಇಲ್ಲ! ಆಮೇಲೆ ಅವಳೇ ಕೇಳಿದಳು, ಮುಂದಿನ ವಾರ ಬರೋಣವಾ ಅಂತ.

ಬಲವಂತ ಮಾಡಬೇಡಿ, ಪಕ್ಕದ ಮನೆ ಹುಡುಗನ ಜೊತೆ ಹೋಲಿಸಲೂ ಬೇಡಿ. ಎಷ್ಟು ಮೆಟ್ಟಿಲು ಅಂತ ಮಗುವೇ ಹೇಳಲಿ, ಹೇಳಿದಷ್ಟು ಹತ್ತಿಸಿ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದ ಮೇಲೆ ಕಲ್ಲು ಕಾದಿರುತ್ತದೆ.