ಹುಡುಗೀರಿಗೆ ಪಶುವೈದ್ಯ ಓದು ಆಗಲ್ವಾ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು, ಮನೇಲಿ ಕುರಿ ಸಾಕುತ್ತೇವೆ. ನಾನು ಪಿಯುಸಿ ಸೈನ್ಸ್ ವಿದ್ಯಾರ್ಥಿನಿ. ಸರ್ಕಾರಿ ಕಾಲೇಜಿನಲ್ಲಿ ಪಶುವೈದ್ಯ ಓದಬೇಕು. ‘ಹುಡುಗೀರಿಗೆ ಆಗಲ್ಲ’ ಅಂತಾರೆ ಚಿಕ್ಕಪ್ಪ.

ಉತ್ತರ: ಖಂಡಿತ ಓದಮ್ಮ. ನಾನೂ ಹೆಂಗಸೇ, ಪಾವಗಡದ ಕಡೆ ಎಷ್ಟೋ ಎಮ್ಮೆಗಳ ಹೆರಿಗೆ ಮಾಡಿಸಿದ್ದೇನೆ. ಕರು ಅಡ್ಡ ಸಿಕ್ಕಿಕೊಂಡಾಗ ಸುಮ್ನೆ ಎಳೆದರೆ ತಾಯಿಗೇ ಅಪಾಯ. ಒಳಗೆ ತಲೆ ಎಲ್ಲಿದೆ, ಕಾಲು ಯಾವ ಕಡೆ ಮಡಚಿದೆ ಅಂತ ಬೆರಳಲ್ಲೇ ತಿಳಿಯಬೇಕು. ಆಮೇಲೆ ಸರಿಪಡಿಸಿ ತೆಗೆಯಬೇಕು. ಇದಕ್ಕೆ ತೋಳ್ಬಲಕ್ಕಿಂತ ಕಲಿಕೆ ಜಾಸ್ತಿ ಬೇಕು, ಅಲ್ವಾ?

ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಕೋರ್ಸ್ ಇಂಟರ್ನ್‌ಶಿಪ್ ಸೇರಿ 5½ ವರ್ಷ. ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು. ರಾಜ್ಯದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಕೃಷಿಕರ ಕೋಟಾ ಇದೆ, ಅಪ್ಪನಿಗೆ ಹೇಳಿ ದಾಖಲೆಗಳನ್ನು ಈಗಲೇ ಹೊಂದಿಸಿಡು.